ರಿಪೋರ್ಟ್ ಬರುವ ಮೊದಲೇ ಮನೆಯಲ್ಲಿ ಕೂರಬೇಕಾ?

ಡಾಕ್ಟ್ರಮ್ಮನ ಹತ್ತಿರ ಕೇಳಿ: ಜನವರಿ 2022

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಮ್ಮದು ತಿಪಟೂರು. ನಮ್ಮ ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ. ತೆಂಗಿನಕಾಯಿ ಲೋಡ್ ತಗೊಂಡು ವಾರಕ್ಕೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಿ ಬರುತ್ತಾರೆ. ಭಾನುವಾರ ರಾತ್ರಿಯಿಂದ ಅವರಿಗೆ ಗಂಟಲು ಕೆರೆತ, ಮೈಕೈ ನೋವು. ಇವತ್ತು ಬೆಳಿಗ್ಗೆಯಿಂದ ಏಳು ವರ್ಷದ ಮಗನ ಮೈಯೂ ಸುಡುತ್ತಿದೆ, ಮೂಗು ಸೋರುತ್ತಿದೆ. ಆದರೆ ವಾಸನೆ, ರುಚಿ ಎಲ್ಲಾ ಗೊತ್ತಾಗುತ್ತಿದೆ. ಅದಕ್ಕೇ ಇದು ಕೊರೋನಾ ಅಲ್ಲ, ಚಳಿಗೆ ಬಂದ ನೆಗಡಿ ಅಂತ ಯಜಮಾನರು ಹೇಳುತ್ತಾರೆ. ಟೆಸ್ಟ್ ಕೊಟ್ಟರೂ ರಿಪೋರ್ಟಿಗೆ ಎರಡು ದಿನ ಬೇಕಂತೆ. ಅಲ್ಲಿವರೆಗೆ ಗಾಡಿ ನಿಲ್ಲಿಸಬೇಕಾ? ನಿಲ್ಲಿಸಿದರೆ ಬೇರೆ ಡ್ರೈವರ್ ಹಾಕಿಕೊಳ್ತೀನಿ ಅಂತ ಮಾಲೀಕರು ಹೇಳುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ. 68 ವರ್ಷ. ಶುಗರ್, ಬಿ.ಪಿ. ಎರಡೂ ಇದೆ. ಅವರನ್ನು ಅರಸೀಕೆರೆಗೆ, ನಾದಿನಿ ಮನೆಗೆ ಕಳಿಸೋಣ ಅಂದುಕೊಂಡಿದ್ದೇನೆ. ನಾದಿನಿಗೆ ಮೂರು ತಿಂಗಳ ಕೂಸಿದೆ. ಮಗಳು ಎಸ್ಸೆಸ್ಸೆಲ್ಸಿ, ಕ್ಲಾಸ್ ನಡೀತಿದೆ. ಅವಳಿಗೆ ಮೊನ್ನೆ ಲಸಿಕೆಯ ಮೊದಲ ಡೋಸ್ ಆಯಿತು. ಈ ವಾರವೇ ಸಂಕ್ರಾಂತಿ ಬೇರೆ, ಎಳ್ಳು ಬೀರಬೇಕು. ನಮ್ಮದು ಒಂದು ರೂಮು, ಒಂದು ಹಾಲು, ಅಡುಗೆಮನೆ. ಟಾಯ್ಲೆಟ್ ಒಂದೇ. ಏನು ಮಾಡಲಿ?
(ಹೆಸರು ಬೇಡ, ತಿಪಟೂರು)

ಉತ್ತರ: ಈ ಪತ್ರ ವಾಟ್ಸಾಪಿನಲ್ಲಿ ಬಂದ ದಿನವೇ ಇವರ ಜೊತೆ ಫೋನಿನಲ್ಲಿ ಮಾತಾಡಿದೆ. ಮನೆಯಲ್ಲಿ ಜ್ವರ ಇಟ್ಟುಕೊಂಡು ಪತ್ರಿಕೆ ಬರುವವರೆಗೆ ಯಾರೂ ಕಾಯಬಾರದು. ಆದರೆ ಇದೇ ಮಾತನ್ನು ಈ ತಿಂಗಳು ಕೇಳದವರೇ ಇಲ್ಲ. ಅದಕ್ಕೆ ಇವರ ಒಪ್ಪಿಗೆ ಪಡೆದು, ಆವತ್ತು ಹೇಳಿದ್ದನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೋಡಮ್ಮಾ, ಗಾಡಿ ಇವತ್ತೇ ನಿಲ್ಲಿಸಿ. ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅನ್ನಬೇಡಿ. ಕೊರೋನಾ ಜಾಸ್ತಿ ಹರಡುವುದು ಗಂಟಲು ಕೆರೆತ ಶುರುವಾಗುವ ಒಂದೆರಡು ದಿನ ಮೊದಲು ಮತ್ತು ಶುರುವಾದ ಮೇಲಿನ ಎರಡು ಮೂರು ದಿನ. ಅಂದರೆ ನೀವು ರಿಪೋರ್ಟಿಗೆ ಕಾಯುವ ದಿನಗಳೇ ಹರಡುವ ದಿನಗಳು. ‘ಪಾಸಿಟಿವ್’ ಅನ್ನುವ ಮೆಸೇಜು ಬರುವ ಹೊತ್ತಿಗೆ ಅವರು ಮಂಡಿಯಲ್ಲಿ ಲೋಡ್ ಇಳಿಸಿ, ಹೋಟೆಲಿನಲ್ಲಿ ಊಟ ಮಾಡಿ, ಕ್ಲೀನರ್ ಹುಡುಗನ ಜೊತೆ ಗಾಜು ಏರಿಸಿಕೊಂಡು ಮೂರು ಗಂಟೆ ಕೂತು ವಾಪಸ್ ಬಂದಿರುತ್ತಾರೆ. ಆಮೇಲೆ ಮನೆಯಲ್ಲಿ ಕೂತು ಯಾರಿಗೆ ಲಾಭ? ತೀರ್ಮಾನ ಮಾಡಬೇಕಾದ್ದು ಗಂಟಲು ಕೆರೆದ ದಿನ.

ವಾಸನೆ ಗೊತ್ತಾಗುತ್ತಿದೆ, ಹಾಗಾಗಿ ಕೊರೋನಾ ಅಲ್ಲ ಅನ್ನುವ ಲೆಕ್ಕ ಹೋದ ವರ್ಷದ್ದು. ಏಪ್ರಿಲ್, ಮೇ ತಿಂಗಳಲ್ಲಿ ಕೊರೋನಾದ ಡೆಲ್ಟಾ ತಳಿ ಇದ್ದಾಗ ತುಂಬಾ ಜನರಿಗೆ ವಾಸನೆ ಹೋಗುತ್ತಿತ್ತು. ಈಗ ಬಂದಿರುವ ಓಮಿಕ್ರಾನ್ ತಳಿಯಲ್ಲಿ ಅದು ಕಡಿಮೆ. ಗಂಟಲು ನೋವು, ಮೂಗು ಸೋರುವುದು, ತಲೆನೋವು, ಮೈಕೈ ನೋವು, ಸುಸ್ತು, ಇವೇ ಜಾಸ್ತಿ. ಅಂದರೆ ಥೇಟ್ ನೆಗಡಿಯ ಹಾಗೆಯೇ. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಗೊತ್ತಾಗಿದ್ದು ಡಿಸೆಂಬರ್ 2ಕ್ಕೆ, ನಮ್ಮ ಬೆಂಗಳೂರಿನಲ್ಲೇ. ಯಜಮಾನರು ವಾರವಾರ ಹೋಗುವುದೂ ಅಲ್ಲಿಗೇ. ಟಾರ್ಚ್ ಹಾಕಿ ಗಂಟಲು ನೋಡಿ ಇದು ಬರೀ ನೆಗಡಿ, ಇದು ಕೊರೋನಾ ಅಂತ ನನಗೂ ಹೇಳಲು ಬರುವುದಿಲ್ಲ. ಯಾವ ಡಾಕ್ಟರಿಗೂ ಬರುವುದಿಲ್ಲ. ಅಪ್ಪನಿಗೆ ಬಂದ ಎರಡೇ ದಿನಕ್ಕೆ ಮಗನಿಗೂ ಬಂದಿದೆ ಅಂದರೆ ಏನೋ ಒಂದು ಹರಡುತ್ತಿದೆ, ಅಷ್ಟು ಖಂಡಿತ. ಹೆಸರು ಗೊತ್ತಾಗುವವರೆಗೆ ಅದನ್ನು ಕೊರೋನಾ ಅಂತಲೇ ತಿಳಿದು ನಡೆಯುವುದು ಕ್ಷೇಮ.

ಇನ್ನು ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಗಾಬರಿಯಾಗಿದ್ದು ಇದೊಂದಕ್ಕೇ. ದಯವಿಟ್ಟು ಅವರನ್ನು ಅರಸೀಕೆರೆಗೆ ಕಳಿಸಬೇಡಿ. ಅವರ ಮೇಲಿನ ಕಾಳಜಿಯಿಂದಲೇ ಕಳಿಸಲು ಹೊರಟಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಆದರೆ ಭಾನುವಾರಕ್ಕೂ ಮೊದಲಿನಿಂದ ಅವರು ಮಗನ ಜೊತೆ ಒಂದೇ ಹಾಲಿನಲ್ಲಿ ಕೂತು ಟಿ.ವಿ. ನೋಡಿದ್ದಾರೆ. ಮೊಮ್ಮಗ ಪಕ್ಕದಲ್ಲೇ ಮಲಗಿರಬಹುದು. ಸೋಂಕು ಈಗಾಗಲೇ ತಗುಲಿದ್ದರೂ ಲಕ್ಷಣ ಕಾಣಿಸಲು ಮೂರು ನಾಲ್ಕು ದಿನ ಬೇಕು. ಇವತ್ತು ಗಟ್ಟಿಮುಟ್ಟಾಗಿ ಬಸ್ಸು ಹತ್ತಿದವರಿಗೆ ನಾಳಿದ್ದು ಅರಸೀಕೆರೆಯಲ್ಲಿ ಜ್ವರ ಬರಬಹುದು. ಅಲ್ಲಿ ಬಾಣಂತಿ ಇದ್ದಾರೆ, ಮೂರು ತಿಂಗಳ ಕೂಸಿದೆ. ಒಂದು ಮನೆಯ ಕಾಯಿಲೆ ಎರಡು ಮನೆಯ ಕಾಯಿಲೆ ಆಗುತ್ತದೆ. ಅವರ ಶುಗರ್ ಮಾತ್ರೆ ಯಾವುದು, ಯಾವ ಹೊತ್ತಿಗೆ ಯಾವುದು ಅಂತ ಗೊತ್ತಿರುವುದೂ ನಿಮಗೇ ಅಲ್ವಾ? ಅವರು ನಿಮ್ಮ ಕಣ್ಣೆದುರೇ ಇರಲಿ.

ಒಂದೇ ರೂಮಿನ ಮನೆಯಲ್ಲಿ ಬೇರೆ ಬೇರೆ ಇರುವುದು ಹೇಗೆ ಅಂತ ನೀವು ಕೇಳಿದಿರಿ. ಪೂರ್ತಿ ಬೇರೆ ಆಗಲ್ಲ, ನಿಜ. ಆದಷ್ಟು ಮಾಡಿದರೂ ಅಪಾಯ ಕಡಿಮೆಯಾಗುತ್ತದೆ. ಯಜಮಾನರು ಮತ್ತು ಮಗ, ಇಬ್ಬರಿಗೂ ಲಕ್ಷಣ ಇರುವುದರಿಂದ ಇಬ್ಬರೂ ರೂಮಿನಲ್ಲಿ ಒಟ್ಟಿಗೆ ಇರಲಿ. ಅತ್ತೆಯವರ ಮಂಚ ಹಾಲಿನಲ್ಲಿ ಮುಂಬಾಗಿಲ ಪಕ್ಕದ ಕಿಟಕಿಗೆ ಎಳೆಯಿರಿ. ಆ ಕಿಟಕಿಯೂ ತೆರೆದಿರಲಿ, ರೂಮಿನ ಕಿಟಕಿಯೂ ತೆರೆದಿರಲಿ, ರೂಮಿನ ಬಾಗಿಲು ಮುಚ್ಚಿರಲಿ. ಚಳಿ ಅಂತ ಎಲ್ಲಾ ಮುಚ್ಚಿಕೊಂಡು ಕೂತರೆ ಕೆಲಸ ಕೆಟ್ಟಿತು. ಅತ್ತೆಯವರಿಗೆ ಸ್ವೆಟರ್, ಸ್ಕಾರ್ಫ್ ಹಾಕಿ, ಇನ್ನೊಂದು ಕಂಬಳಿ ಕೊಡಿ, ಆದರೆ ಕಿಟಕಿ ಮುಚ್ಚಬೇಡಿ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಹಾಲಿನಲ್ಲಿದ್ದವರು ಕೆಮ್ಮುತ್ತಾರಲ್ಲ, ಈ ವೈರಸ್ಸೂ ಹಾಗೇ ಗಾಳಿಯಲ್ಲಿ ತೇಲಿಕೊಂಡು ಬರುತ್ತದೆ. ಆರಡಿ ದೂರ ಕೂತೆವು, ಸಾಕು ಅನ್ನುವ ಹಾಗಿಲ್ಲ. ಗಾಳಿ ಹೊರಗೆ ಹೋಗಬೇಕು.

ಮನೆಕೆಲಸವನ್ನೂ ಹಂಚಿಕೊಳ್ಳಿ. ರೂಮಿನ ಒಳಗೆ ಹೋಗಿ ಬರುವುದು ನೀವೊಬ್ಬರೇ. ಅತ್ತೆಯವರಿಗೆ ಊಟ, ಮಾತ್ರೆ, ಬಿಸಿನೀರು ಕೊಡುವುದು ಮಗಳು, ಅದೂ ಮಾಸ್ಕ್ ಹಾಕಿಕೊಂಡು. ಎರಡನ್ನೂ ನೀವೇ ಮಾಡಿದರೆ ರೂಮಿನಿಂದ ಹಾಲಿಗೆ ಸೋಂಕು ಹೊತ್ತುಕೊಂಡು ಹೋಗುವವರು ನೀವೇ ಆಗಬಹುದು. ರೂಮಿಗೆ ಹೋಗುವಾಗ ಎನ್-95 ಮಾಸ್ಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೂರು ಪದರದ ಸರ್ಜಿಕಲ್ ಮಾಸ್ಕ್, ಮೂಗಿನ ಮೇಲೆ ಬಿಗಿಯಾಗಿ. ಒದ್ದೆಯಾದರೆ ತಕ್ಷಣ ಬದಲಿಸಿ. ಸೆರಗು ಮುಚ್ಚಿಕೊಂಡರೆ ಸಾಲದು.

ಟಾಯ್ಲೆಟ್ಟು, ಸ್ನಾನಕ್ಕೆ ಬೆಳಿಗ್ಗೆ ಮೊದಲು ಅತ್ತೆ, ಆಮೇಲೆ ಮಗಳು, ನೀವು. ಕಡೆಗೆ ರೂಮಿನವರು. ಅವರು ಹಾಲು ದಾಟುವಾಗ ಮಾಸ್ಕ್ ಹಾಕಿರಬೇಕು. ಬಂದ ಮೇಲೆ ಬಚ್ಚಲಿನ ಕಿಟಕಿ ತೆರೆದಿಟ್ಟು, ಸೋಪಿನ ನೀರು ಹಾಕಿ ತೊಳೆದು, ಅರ್ಧ ಗಂಟೆ ಬಾಗಿಲು ಮುಚ್ಚಿಡಿ. ತಟ್ಟೆ ಲೋಟ ಮಾಮೂಲಿ ಸೋಪಿನಲ್ಲಿ ತೊಳೆದರೆ ಆಯಿತು. 2020ರಲ್ಲಿ ನಾವೆಲ್ಲ ಸೊಪ್ಪು, ಹಾಲಿನ ಪ್ಯಾಕೆಟ್ ಎಲ್ಲಾ ತೊಳೆದು ತೊಳೆದು ಸುಸ್ತಾದೆವು. ಅಷ್ಟು ಶ್ರಮವನ್ನು ಕಿಟಕಿ ಮತ್ತು ಮಾಸ್ಕಿನ ಮೇಲೆ ಹಾಕಿ.

ಕಷ್ಟ ಆಗುವುದು ನಿಮ್ಮ ಮಗನದ್ದು. ಏಳು ವರ್ಷದ ಹುಡುಗ ಜ್ವರ ಇಳಿದ ಕೂಡಲೇ ಅಜ್ಜಿ ಹತ್ತಿರ ಓಡುತ್ತಾನೆ. ಬೈದು ಕೂರಿಸಲು ಆಗಲ್ಲ. ರೂಮಿನಲ್ಲಿ ಒಂದು ಫೋನು, ಅಜ್ಜಿ ಹತ್ತಿರ ಒಂದು ಫೋನು ಇಟ್ಟು, ರಾತ್ರಿ ಅಜ್ಜಿ ವಿಡಿಯೋ ಕಾಲಿನಲ್ಲೇ ಕಥೆ ಹೇಳಲಿ. ‘ಅಜ್ಜಿಗೆ ಜ್ವರ ಬರಬಾರದು, ಅದಕ್ಕೆ ನೀನು ಕಾವಲು’ ಅಂತ ಅವನಿಗೇ ಕೆಲಸ ಒಪ್ಪಿಸಿ. ಮಕ್ಕಳು ಇಂಥದ್ದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ. ನಿಮ್ಮ ಹುಡುಗನ ವಯಸ್ಸಿಗೆ ಹೊರಗೆ ಬರುವಾಗ ಮಾಸ್ಕ್ ಹಾಕಬಹುದು. ಐದು ವರ್ಷದೊಳಗಿನ ಮಕ್ಕಳಿಗಾದರೆ ಬೇಡ.

ಟೆಸ್ಟ್ ಬೇಕಾ ಅಂದರೆ, ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಯಜಮಾನರು ಮಾಸ್ಕ್ ಹಾಕಿಕೊಂಡು ಗಾಡಿಯಲ್ಲಿ ಒಬ್ಬರೇ ಹೋಗಿ ಸ್ವಾಬ್ ಕೊಟ್ಟು ಸೀದಾ ಮನೆಗೆ ಬರಲಿ. ದಾರಿಯಲ್ಲಿ ಅಂಗಡಿಗೂ ಬೇಡ. ಅವರದ್ದು ಪಾಸಿಟಿವ್ ಬಂದರೆ ಮಗನದ್ದೂ ಅದೇ ಅಂತ ತಿಳಿಯಬಹುದು. ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಟೆಸ್ಟ್ ಮಾಡಿ ನೆಗೆಟಿವ್ ಅಂದರೆ, ಲಕ್ಷಣ ಇರುವವರು ಅದನ್ನು ನಂಬಿ ಕೂರಬಾರದು. ಸ್ವಾಬನ್ನು ಲ್ಯಾಬಿಗೆ ಕಳಿಸಿ ಮಾಡುವ ಆರ್‌ಟಿಪಿಸಿಆರ್ ಆಗಲೇಬೇಕು. ಸೋಂಕಿತರ ಸಂಪರ್ಕಕ್ಕೆ ಬಂದ ಎಲ್ಲರಿಗೂ ಟೆಸ್ಟ್ ಬೇಕಿಲ್ಲ ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜನವರಿ 10ರಂದು ಹೇಳಿದೆ. ಅದನ್ನು ಪೇಪರಿನಲ್ಲಿ ಓದಿ ಅತ್ತೆಗೂ ಬೇಡ ಅಂದುಕೊಳ್ಳಬೇಡಿ. ವಯಸ್ಸಾದವರನ್ನು, ಶುಗರ್, ಬಿ.ಪಿ. ಇರುವವರನ್ನು ಅದೇ ಸೂಚನೆಯಲ್ಲಿ ಬೇರೆ ಇಟ್ಟಿದ್ದಾರೆ. ಯಜಮಾನರದ್ದು ಪಾಸಿಟಿವ್ ಬಂದರೆ ಅತ್ತೆಯವರಿಗೆ ಲಕ್ಷಣ ಇಲ್ಲದಿದ್ದರೂ ಟೆಸ್ಟ್ ಮಾಡಿಸಿ. ಅವರ ವಿಷಯದಲ್ಲಿ ಎರಡು ದಿನ ಮೊದಲೇ ಗೊತ್ತಾದರೆ ತುಂಬಾ ವ್ಯತ್ಯಾಸ ಆಗುತ್ತದೆ.

ಎಷ್ಟು ದಿನ? ಜನವರಿ 5ಕ್ಕೆ ಕೇಂದ್ರ ಆರೋಗ್ಯ ಇಲಾಖೆ ಹೊಸ ನಿಯಮ ಕೊಟ್ಟಿದೆ. ಪಾಸಿಟಿವ್ ಬಂದ ಮೇಲೆ ಕನಿಷ್ಠ 7 ದಿನ, ಅದರಲ್ಲಿ ಕಡೆಯ 3 ದಿನ ಜ್ವರ ಇರಬಾರದು. ಮತ್ತೆ ಟೆಸ್ಟ್ ಮಾಡಿಸಿ ನೆಗೆಟಿವ್ ತೋರಿಸುವ ಅಗತ್ಯ ಇಲ್ಲ. ಆರ್‌ಟಿಪಿಸಿಆರ್ ನೆಗೆಟಿವ್ ಬಂತು ಅಂದರೆ ಜ್ವರ ಬಿಟ್ಟು ಒಂದು ದಿನ ಆಗಿ, ಮೈ ಹಗುರಾದ ಮೇಲೆ ಯಜಮಾನರು ಕೆಲಸಕ್ಕೆ ಹೋಗಬಹುದು. ಆಗಲೂ ಕೆಮ್ಮು ನಿಲ್ಲುವವರೆಗೆ ಅಮ್ಮನ ಹತ್ತಿರ ಹೋಗುವಾಗ ಮಾಸ್ಕ್ ಇರಲಿ. ಮಗಳು ರಿಪೋರ್ಟ್ ಬರುವವರೆಗೆ ಸ್ಕೂಲಿಗೆ ಬೇಡ. ಪಾಸಿಟಿವ್ ಆದರೆ ವಾರ ಪೂರ್ತಿ ಬೇಡ. ಎಸ್ಸೆಸ್ಸೆಲ್ಸಿ ವರ್ಷ, ಹೊಟ್ಟೆ ಉರಿಯುತ್ತದೆ, ಗೊತ್ತು. ಅವಳ ಕ್ಲಾಸಿನ ಮಕ್ಕಳದ್ದೂ ಅದೇ ವರ್ಷ ಅಲ್ವಾ? ಮೇಷ್ಟ್ರಿಗೆ ಫೋನ್ ಮಾಡಿ ನೋಟ್ಸ್ ತರಿಸಿಕೊಳ್ಳಿ. ಲಸಿಕೆಯ ಒಂದು ಡೋಸ್ ಆಗಿದೆ, ಏನಾಗಲ್ಲ ಅನ್ನುವುದೂ ಬೇಡ. ಮೊನ್ನೆ ಹಾಕಿಸಿದ್ದು ಇನ್ನೂ ಕೆಲಸ ಶುರು ಮಾಡಿರುವುದಿಲ್ಲ.

ಯಜಮಾನರಿಗೆ ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ 650 ಸಾಕು, ದಿನಕ್ಕೆ ನಾಲ್ಕರ ಮೇಲೆ ಬೇಡ. ಮಗನಿಗೆ ತೂಕ ನೋಡಿ ಸಿರಪ್. ದೊಡ್ಡವರ ಮಾತ್ರೆ ಮುರಿದು ಕೊಡಬೇಡಿ. ಮೆಡಿಕಲ್ ಶಾಪಿನಲ್ಲಿ ‘ಕೊರೋನಾ ಸೆಟ್’ ಅಂತ ಒಂದು ಕವರಿನಲ್ಲಿ ಮಾತ್ರೆ ಕಟ್ಟಿ ಕೊಡುವುದನ್ನು ನಾನೇ ನೋಡಿದ್ದೇನೆ. ಅದರಲ್ಲಿ ಆಂಟಿಬಯೋಟಿಕ್ ಇರುತ್ತದೆ, ಕೆಲವು ಸಲ ಸ್ಟಿರಾಯ್ಡ್ ಕೂಡ. ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಸ್ಟಿರಾಯ್ಡ್ ಅಂತೂ ಸೌಮ್ಯ ಕಾಯಿಲೆಗೆ ಬೇಡವೇ ಬೇಡ. ಶುಗರ್ ಇರುವವರಿಗೆ ಅದು ಶುಗರನ್ನು ಏರಿಸಿಬಿಡುತ್ತದೆ. ಹೋದ ವರ್ಷ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಅಂತ ಎಷ್ಟು ಜನ ಕಣ್ಣು ಕಳೆದುಕೊಂಡರು, ನೆನಪಿದೆಯಲ್ಲ? ಅವರಲ್ಲಿ ಬಹಳಷ್ಟು ಜನ ಶುಗರ್ ಇದ್ದವರು, ಸ್ಟಿರಾಯ್ಡ್ ತೆಗೆದುಕೊಂಡವರು. ಅತ್ತೆಯವರಿಗೆ ಆ ಕವರ್ ಮಾತ್ರ ಕೊಡಬೇಡಿ. ಅವರ ದಿನದ ಮಾತ್ರೆ ಯಾವುದೂ ತಪ್ಪಬಾರದು. ಜ್ವರ ಬಂದರೆ ಶುಗರ್ ತಾನಾಗಿಯೇ ಏರುತ್ತದೆ, ಮನೆಯ ಮಿಷನ್ನಿನಲ್ಲಿ ನೋಡುತ್ತಿರಿ.

ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಪಲ್ಸ್ ಆಕ್ಸಿಮೀಟರ್ ಇಲ್ಲದಿದ್ದರೆ ಪಕ್ಕದ ಮನೆಯವರ ಹತ್ತಿರ ಕೇಳಿ ತನ್ನಿ. ಹೋದ ವರ್ಷ ಕೊಂಡಿದ್ದು ಬೀದಿಗೆ ಒಂದಾದರೂ ಇದ್ದೇ ಇರುತ್ತದೆ. ಅತ್ತೆಯವರು ಐದು ನಿಮಿಷ ಸುಮ್ನೆ ಕೂರಲಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಆ ಬೆರಳಿನ ಉಗುರಿಗೆ ಮೆಹೆಂದಿ, ಬಣ್ಣ ಇರಬಾರದು. ಕ್ಲಿಪ್ಪು ಹಾಕಿದ ಕೂಡಲೇ ತೋರಿಸುವ ಅಂಕಿ ನೋಡಬೇಡಿ, ಅದು ನಿಲ್ಲುವವರೆಗೆ ಕಾಯಿರಿ. 93 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಾಬರಿಯಾಗದೆ ಒಂದು ಗಂಟೆಯೊಳಗೆ ಇನ್ನೆರಡು ಸಲ ನೋಡಿ. ಮತ್ತೂ ಅಷ್ಟೇ ಇದ್ದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಉಸಿರು ಕಟ್ಟುವುದು, ಎದೆ ಒತ್ತಿದ ಹಾಗಾಗುವುದು, ಮಾತು ತಡವರಿಸುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಇಂಥದ್ದು ಕಂಡರೆ ಅಂಕಿಗೆ ಕಾಯಲೇಬೇಡಿ. ಮೂರು ದಿನ ಕಳೆದರೂ ಜ್ವರ 100 ಡಿಗ್ರಿ ಮೇಲೇ ಇದ್ದರೆ ಯಾರಿಗಾದರೂ ಸರಿ, ಡಾಕ್ಟರಿಗೆ ತೋರಿಸಿ. ಮಗನ ವಿಷಯದಲ್ಲಿ ಅಂಗಿ ಬಿಚ್ಚಿ ಎದೆ ನೋಡಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ನೀರು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ತಡ ಮಾಡಬೇಡಿ.

ಮಾಲೀಕರ ಮಾತಿಗೆ ಬರುತ್ತೇನೆ. ವಾರದ ಬಾಟಾ ಹೋದರೆ ಮನೆ ನಡೆಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ‘ಮನೆಯಲ್ಲಿರಿ’ ಅಂತ ಹೇಳುವ ನಮ್ಮಂಥವರು ಈ ಮಾತನ್ನು ನುಂಗಿಬಿಡುತ್ತೇವೆ, ಅದು ತಪ್ಪು. ಸಂಬಳದ ರಜೆ ಇರುವವರಿಗೆ ಐಸೋಲೇಷನ್ ಒಂದು ವಾರದ ಬೇಸರ, ನಿಮಗೆ ಒಂದು ವಾರದ ಅಕ್ಕಿ. ಆದರೂ ಹೇಳುತ್ತೇನೆ. ಮುಚ್ಚಿಡದೆ ಮಾಲೀಕರಿಗೆ ಫೋನ್ ಮಾಡಿ, ‘ಜ್ವರ ಇದೆ, ಟೆಸ್ಟ್ ಕೊಟ್ಟಿದ್ದೇನೆ, ನಿಮ್ಮ ಮಂಡಿಗೇ ಅಂಟಿಸಬಾರದು ಅಂತ ನಿಂತಿದ್ದೇನೆ’ ಅನ್ನಿ. ನನ್ನ ಚೀಟಿ ಬೇಕಾದರೆ ಕೊಡುತ್ತೇನೆ, ನಂಬರ್ ಕೊಟ್ಟರೆ ನಾನೇ ಮಾತಾಡುತ್ತೇನೆ ಅಂತಲೂ ಹೇಳಿದ್ದೇನೆ. ಈ ಅಂಕಣ ಓದುವ ಗಾಡಿ ಮಾಲೀಕರು, ಅಂಗಡಿ, ಗಾರ್ಮೆಂಟ್ಸ್ ನಡೆಸುವವರು ಇದ್ದರೆ ಕೈಮುಗಿದು ಕೇಳುತ್ತೇನೆ. ಕೆಮ್ಮುತ್ತಾ ಬಂದ ಒಬ್ಬನನ್ನು ಅರ್ಧ ಕೂಲಿ ಕೊಟ್ಟು ವಾಪಸ್ ಕಳಿಸಿ. ಹತ್ತು ಜನ ಒಟ್ಟಿಗೆ ಮಲಗಿದರೆ ನಿಮಗೂ ನಷ್ಟವೇ.

ಬೀದಿಯವರು ಏನಂತಾರೋ ಅನ್ನುವ ಭಯ ನಿಮ್ಮ ದನಿಯಲ್ಲಿತ್ತು. 2020ರಲ್ಲಿ ಬೆಂಗಳೂರಿನಲ್ಲಿ ಮನೆ ಬಾಗಿಲಿಗೆ ತಗಡು ಹೊಡೆದದ್ದನ್ನು ಟಿ.ವಿ.ಯಲ್ಲಿ ನೋಡಿದವರು ನಾವೆಲ್ಲ. ಆ ಭಯಕ್ಕೇ ಎಷ್ಟೋ ಜನ ಜ್ವರ ಮುಚ್ಚಿಟ್ಟರು. ಈಗ ಹಾಗಿಲ್ಲ. ಎಡಬಲದ ಎರಡು ಮನೆಗೆ ನೀವೇ ಹೇಳಿ. ಹಾಲು, ತರಕಾರಿ ಬಾಗಿಲಲ್ಲಿ ಇಟ್ಟುಹೋಗುವವರೂ ಅವರೇ.

ಎಳ್ಳು ಈ ಸಲ ಬೀರಬೇಡಿ. ಕೊಬ್ಬರಿ, ಬೆಲ್ಲ, ಕಡಲೆಬೀಜ ಎಲ್ಲಾ ಕೈಯಲ್ಲಿ ಬೆರೆಸಿದ್ದು ಅನ್ನುವುದಕ್ಕಿಂತ, ಮನೆಮನೆಗೆ ಹೋಗಿ ಒಳಗೆ ಕೂತು ಮಾತಾಡುತ್ತೀರಲ್ಲ, ಅದು ಬೇಡ. ಸಕ್ಕರೆ ಅಚ್ಚು ಕೆಡುವುದಿಲ್ಲ, ಎಳ್ಳೂ ಕೆಡುವುದಿಲ್ಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಎಳ್ಳು ಕೊಡುವ ರೂಢಿ ಎಷ್ಟೋ ಮನೆಗಳಲ್ಲಿ ಇದೆ. ಆ ಹೊತ್ತಿಗೆ ಎಲ್ಲರೂ ಗುಣವಾಗಿರುತ್ತೀರಿ.

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ನಿನ್ನೆಯಿಂದ ಗಂಟಲು ನೋವು. ಮನೆಯಲ್ಲೇ ಮಾಡುವ ಕಿಟ್ ತಂದು ನೋಡಿದೆ, ನೆಗೆಟಿವ್. ಇನ್ನು ನಾಲ್ಕು ದಿನಕ್ಕೆ ಶಿರಸಿ ಹತ್ತಿರ ನಮ್ಮೂರಿನಲ್ಲಿ ಅಪ್ಪನ ವರ್ಷಾಂತಿಕ. ನಾನೇ ಹಿರಿಯ ಮಗ. ಹೋಗಬಹುದಾ?

ಉತ್ತರ: ಹೋಗಬೇಡಿ ಅಂತ ಬರೆಯುವಾಗ ನನ್ನ ಕೈಯೂ ಹಿಂದೆಮುಂದೆ ನೋಡುತ್ತಿದೆ. ಆದರೂ ಹೋಗಬೇಡಿ. ಲಕ್ಷಣ ಶುರುವಾದ ಮೊದಲ ದಿನ ಈ ಕಿಟ್ಟು ನೆಗೆಟಿವ್ ತೋರಿಸಿ, ಆಮೇಲೆ ಪಾಸಿಟಿವ್ ಆಗುವುದು ಮಾಮೂಲು. ಇವತ್ತೇ ಆರ್‌ಟಿಪಿಸಿಆರ್ ಕೊಡಿ. ಅದು ನೆಗೆಟಿವ್ ಬಂದು, ಗಂಟಲು ಪೂರ್ತಿ ಸರಿಯಾದರೆ ಮಾತ್ರ ಹೊರಡಿ. ತಿಥಿಗೆ ಸೇರುವವರು ಯಾರು ಅಂತ ಯೋಚಿಸಿ. ನಿಮ್ಮ ತಾಯಿ, ದೊಡ್ಡಪ್ಪಂದಿರು, ಅತ್ತೆಯಂದಿರು, ಪುರೋಹಿತರು. ಹೆಚ್ಚಿನವರು ಅರವತ್ತು ದಾಟಿದವರು, ಹೊಗೆ ತುಂಬಿದ ಒಳಮನೆಯಲ್ಲಿ ಗಂಟೆಗಟ್ಟಲೆ ಕೂರುವವರು. ಹಿರಿಯ ಮಗ ಬರಲಾಗದಿದ್ದರೆ ಏನು ಮಾಡಬೇಕು ಅಂತ ನಿಮ್ಮ ಪುರೋಹಿತರನ್ನೇ ಕೇಳಿ, ಈ ಎರಡು ವರ್ಷದಲ್ಲಿ ಅವರಿಗೆ ಇದು ಹೊಸದಲ್ಲ. ತಮ್ಮ ಕೂತು ಮಾಡಲಿ, ನೀವು ಫೋನಿನಲ್ಲಿ ನೋಡಿ. ಅಮ್ಮನಿಗೆ ಮಾತ್ರ ನಿಜ ಹೇಳಿ. ‘ರಜೆ ಸಿಗಲಿಲ್ಲ’ ಅಂತ ಸುಳ್ಳು ಹೇಳಿದರೆ ಅವರು ಜಾಸ್ತಿ ನೊಂದುಕೊಳ್ಳುತ್ತಾರೆ.

ಪ್ರಶ್ನೆ: ನನಗೆ ಜ್ವರ, ನೆಗಡಿ. ಐದು ತಿಂಗಳ ಮಗುವಿಗೆ ಎದೆಹಾಲು ನಿಲ್ಲಿಸಬೇಕಾ? ಮಗುವನ್ನು ಅಮ್ಮನ ಹತ್ತಿರ ಬಿಡು ಅಂತಾರೆ. (ಪುತ್ತೂರು)

ಉತ್ತರ: ಹಾಲು ನಿಲ್ಲಿಸಬೇಡಿ. ಎದೆಹಾಲಿನಿಂದ ಕೊರೋನಾ ಹರಡುವುದಿಲ್ಲ, ಹರಡುವುದು ನಿಮ್ಮ ಉಸಿರಿನಿಂದ. ಕೈಯನ್ನು ಸೋಪಿನಲ್ಲಿ ತೊಳೆದು, ಮಾಸ್ಕ್ ಹಾಕಿಕೊಂಡು ಕುಡಿಸಿ. ಮಗುವಿಗೆ ಮಾಸ್ಕ್ ಬೇಡ. ಕುಡಿಸಿ ಆದ ಮೇಲೆ ಲಕ್ಷಣ ಇಲ್ಲದ ಒಬ್ಬರು ಎತ್ತಿಕೊಂಡು ನೋಡಿಕೊಳ್ಳಲಿ. ಅಮ್ಮನಿಗೆ ವಯಸ್ಸಾಗಿದ್ದರೆ ಅವರಿಗಿಂತ ನಿಮ್ಮ ಯಜಮಾನರು ವಾಸಿ. ಎದ್ದು ಕೂರಲು ಆಗದಷ್ಟು ಸುಸ್ತಾದರೆ ಹಾಲು ಹಿಂಡಿ ಕೊಡಿ, ಚಮಚದಲ್ಲಿ ಕುಡಿಸಲಿ.

ಪ್ರಶ್ನೆ: ಮಕ್ಕಳಿಗೆ ದಿನಕ್ಕೆ ನಾಲ್ಕು ಸಲ ಹಬೆ ಕೊಡುತ್ತಿದ್ದೇನೆ. ಸಾಕಾ? (ಮಂಡ್ಯ)

ಉತ್ತರ: ಜಾಸ್ತಿಯಾಯಿತು. ಹಬೆಯಿಂದ ವೈರಸ್ ಸಾಯುವುದಿಲ್ಲ, ಮೂಗು ಸ್ವಲ್ಪ ಹಗುರಾಗುತ್ತದೆ, ಅಷ್ಟೆ. ಕುದಿಯುವ ನೀರಿನ ಪಾತ್ರೆ ಮಕ್ಕಳ ಮೈಮೇಲೆ ಬಿದ್ದು ಸುಟ್ಟ ಗಾಯಕ್ಕೆ ಔಷಧಿ ಹಾಕಿದ್ದೇನೆ, ಆ ಸಂಕಟ ನೋಡಲಾಗದು. ಬೆಚ್ಚಗಿನ ನೀರು, ಗಂಜಿ, ಸಾರು ಕುಡಿಸಿ.

ಪ್ರಶ್ನೆ: ಏಳು ದಿನ ಮುಗಿಯಿತು, ಜ್ವರ ಬಿಟ್ಟು ಐದು ದಿನ ಆಯಿತು. ಆದರೆ ಒಣಕೆಮ್ಮು ನಿಂತಿಲ್ಲ. ಆಫೀಸಿಗೆ ಹೋದರೆ ಎಲ್ಲರೂ ದೂರ ಸರಿಯುತ್ತಾರೆ. ಇನ್ನೂ ಹರಡುತ್ತದಾ? (ದಾವಣಗೆರೆ)

ಉತ್ತರ: ಏಳು ದಿನ ಮುಗಿದು, ಕಡೆಯ ಮೂರು ದಿನ ಜ್ವರ ಇಲ್ಲದಿದ್ದರೆ ನೀವು ಕೆಲಸಕ್ಕೆ ಹೋಗಬಹುದು, ಮಾಸ್ಕ್ ಹಾಕಿಕೊಳ್ಳಿ. ಗಂಟಲು ಪೂರ್ತಿ ಮಾಗುವವರೆಗೆ ಒಣಕೆಮ್ಮು ಕೆಲವು ವಾರ ಉಳಿಯುತ್ತದೆ, ಅದರಿಂದ ಸೋಂಕು ಇನ್ನೂ ಇದೆ ಅಂತ ಅರ್ಥವಲ್ಲ. ಲಸಿಕೆಯ ಮುಂದಿನ ಡೋಸ್ ಬಾಕಿ ಇದ್ದರೆ ಗುಣವಾಗಿ 3 ತಿಂಗಳಾದ ಮೇಲೆ ಹಾಕಿಸಿ. ಆದರೆ ಕೆಮ್ಮು ಎರಡು ಮೂರು ವಾರ ದಾಟಿದರೆ, ಸಂಜೆ ಹೊತ್ತು ಜ್ವರ ಬಂದರೆ, ತೂಕ ಇಳಿದರೆ, ಅದನ್ನೂ ಕೊರೋನಾದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಮಾಡಿಸಿ. ಅದಕ್ಕೂ ದುಡ್ಡು ಕೊಡಬೇಕಾಗಿಲ್ಲ.